ಐವತ್ತೈದನೇ ಬೆಳಗು

"ಎರಡು ಮೊಗ್ಗು ಕಣ್ಣು ತೆರಿಯಾಕ ಹತ್ಯಾವ. ನೀ ಬರೋದು ಯಾವಾಗ?"

ಅಕ್ಕನ ಫೋನು ಬಂದದ್ದು ಸಂಕ್ರಾಂತಿಯ ಮರುದಿನ. ಅಂದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಬೆಂಗಳೂರಿನಿಂದ ಹೊಸಪೇಟೆಗೆ ಆ ರೈಲಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಹೂವೊಂದು ಕರೆಯಿತೆಂದು ಹೋದದ್ದು ಮಾತ್ರ ಇದೇ ಮೊದಲು.

ನವೆಂಬರ್ 23ರಂದು ಅಕ್ಕನ ಹಿತ್ತಿಲಲ್ಲಿ ಸೂರ್ಯಕಾಂತಿ ಬೀಜ ಊರಿದ್ದೆ. ಎಣ್ಣೆಗಲ್ಲ, ಹೂಗುಚ್ಛಕ್ಕೆ. ನಮ್ಮದು ಹೂವನ್ನು ಮೊಳದಲ್ಲಿ ಅಳೆಯುವ ನಾಡು. ಮಲ್ಲಿಗೆಯಾಗಲಿ ಕನಕಾಂಬರವಾಗಲಿ ಸೇವಂತಿಗೆಯಾಗಲಿ, ತೊಟ್ಟು ಕಂಡರೆ ಚಿವುಟಿ, ದಾರಕ್ಕೆ ಕಟ್ಟಿ, ಮುಡಿಗೋ ದೇವರಿಗೋ ಏರಿಸಿ ರೂಢಿ. ಕಾಂಡ ಸಮೇತ ಕೊಯ್ದು ನೀರಲ್ಲಿ ನಿಲ್ಲಿಸುವ ಹೂ ನಮ್ಮ ಮನೆಗಳಿಗೆ ಬಂದದ್ದು ತೀರ ಈಚೆಗೆ, ಅದೂ ಹೆಚ್ಚಾಗಿ ಗುಲಾಬಿ, ಜರ್ಬೆರಾ. ಸೂರ್ಯಕಾಂತಿಯನ್ನು ಹಾಗೆ ಬೆಳೆಯಬಹುದೆಂದು ಕೇಳಿದಾಗಿನಿಂದ ಮಾಡಿ ನೋಡುವ ಹಂಬಲ.

ಊರುವಾಗ ಒಂದು ವಾರ ಅಲ್ಲೇ ಉಳಿದಿದ್ದೆ. ಸೂರ್ಯಕಾಂತಿಯ ತಾಯಿಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ. ಕಿತ್ತು ಬೇರೆಡೆ ನೆಟ್ಟರೆ ಗಿಡ ಸೊರಗುತ್ತದೆ. ಹಾಗಾಗಿ ನೇರ ಮಡಿಗೇ ಬೀಜ. ಒಂದು ಇಂಚು ಆಳ, ಬೀಜದಿಂದ ಬೀಜಕ್ಕೆ ಆರಿಂಚು. ಗಿಳಿ, ಅಳಿಲುಗಳ ಕಣ್ಣು ತಪ್ಪಿಸಲು ಅಕ್ಕ ತನ್ನ ಹಳೆಯ ನೈಲಾನ್ ಸೀರೆ ತಂದು ಮಡಿಯ ಮೇಲೆ ಹಂದರ ಹಾಕಿದಳು. ಐದನೆಯ ಬೆಳಿಗ್ಗೆ ಸೀರೆ ಸರಿಸಿ ಇಣುಕಿದೆ. ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಿಂದ ಬಾಗಿದ ಬಿಳಿ ಕುತ್ತಿಗೆಗಳು ಎದ್ದಿದ್ದವು. ಒಂದೊಂದರ ತಲೆಯ ಮೇಲೂ ಬೀಜದ ಸಿಪ್ಪೆ, ಪಟ್ಟೆಪಟ್ಟೆ ಟೊಪ್ಪಿಗೆಯ ಹಾಗೆ. ಒಂದು ಮೊಳಕೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಳಗಿನ ಎರಡು ಎಲೆಗಳು ದಪ್ಪವಾಗುತ್ತ ಸಿಪ್ಪೆಯನ್ನು ಒಳಗಿಂದಲೇ ಒತ್ತುತ್ತಿದ್ದವು. ಬಿಸಿಲೇರಿದಾಗ ಟೊಪ್ಪಿಗೆ ಸರಿದು ಪಕ್ಕಕ್ಕೆ ಬಿತ್ತು, ಎರಡು ಎಲೆ ಅಂಗೈಯಂತೆ ತೆರೆದವು. ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಈ ಸಲ ರೈಲಿಳಿದ ದಿನ ಮಧ್ಯಾಹ್ನವೇ ಕಂಪ್ಲಿ ಕಡೆ ಹೊರಟೆವು, ಹೊಲದ ಸೂರ್ಯಕಾಂತಿ ನೋಡಲು. ಕಮಲಾಪುರ ದಾಟಿದರೆ ಬಾಳೆ, ಕಬ್ಬು, ಭತ್ತ. ತುಂಗಭದ್ರೆ ಉಣಿಸಿದ ಹಸಿರು. ಕಂಪ್ಲಿ ಕಳೆದು ಕುರುಗೋಡಿನತ್ತ ಹೊರಳಿದಾಗ ಎರೆಭೂಮಿ ತೆರೆದುಕೊಂಡಿತು. ಒಂದು ತಿರುವಿನಲ್ಲಿ, ರಸ್ತೆಯ ಎಡಕ್ಕೆ, ಕಣ್ಣಳತೆಯುದ್ದಕ್ಕೂ ಸೂರ್ಯಕಾಂತಿ. ಆದರೆ ಒಂದು ಹೂವೂ ನಮ್ಮನ್ನು ನೋಡುತ್ತಿರಲಿಲ್ಲ! ನಾವು ಹೋಗುತ್ತಿದ್ದುದು ಪೂರ್ವಕ್ಕೆ. ಸಾವಿರಾರು ಹೂಗಳ ಹಸಿರು ಬೆನ್ನಷ್ಟೇ ಕಾಣುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ಮರಳುವಾಗ ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದ. ಹೂಗಳು ಅವನಿಗೆ ಬೆನ್ನು ಮಾಡಿ, ಮುಖವನ್ನೆಲ್ಲ ನಮ್ಮತ್ತ ಹಿಡಿದು ನಿಂತಿದ್ದವು. ಹೋಗುವಾಗ ಬೆನ್ನು, ಬರುವಾಗ ಮುಖ. ಹೊಲ ಅದೇ, ಹೂವೂ ಅವೇ.

ಸೂರ್ಯ ಹೋದತ್ತ ಸೂರ್ಯಕಾಂತಿ ತಿರುಗುತ್ತದೆಂದು ಬಾಲ್ಯದಿಂದ ಕೇಳಿದ್ದೆ. ತಿರುಗುವುದು ನಿಜ, ಎಳೆಯ ಗಿಡ ಮಾತ್ರ. ಹಗಲಲ್ಲಿ ಕಾಂಡದ ಮೂಡಣ ಮಗ್ಗುಲು ಹೆಚ್ಚು ಬೆಳೆದು ತುದಿಯನ್ನು ಪಡುವಣಕ್ಕೆ ಬಾಗಿಸುತ್ತದೆ. ರಾತ್ರಿ ಪಡುವಣ ಮಗ್ಗುಲು ಬೆಳೆದು ಮತ್ತೆ ಮೂಡಣಕ್ಕೆ ತರುತ್ತದೆ. ಹೂ ಬಲಿತು ಬೆಳವಣಿಗೆ ನಿಂತ ಮೇಲೆ ಮುಖ ಮೂಡಣಕ್ಕೇ ನೆಲೆ ನಿಲ್ಲುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಮೂಡಣ ನೋಡುವ ಹೂ ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಅದನ್ನರಸಿ ಜೇನು ಹೆಚ್ಚು ಬರುತ್ತದೆ. ರಾತ್ರಿಯ ಕತ್ತಲಲ್ಲಿ, ಯಾರೂ ಹೇಳದೆ, ನಾಳೆಯ ಸೂರ್ಯನ ಕಡೆಗೆ ಹೊರಳಿ ಕಾಯುವ ಗಿಡ! ಮುಳುಗುವ ಬಿಸಿಲಲ್ಲಿ ಆ ಹೊಲದ ಬದುವಿನ ಮೇಲೆ ನಿಂತು ಇದನ್ನು ನೆನೆದಾಗ ಮೈ ಜುಮ್ಮೆಂದಿತು.

ಹೊಲದ ರೈತರು ಮಾತಿಗೆ ಸಿಕ್ಕರು. ಅವರ ಬಾಯಲ್ಲಿ ಇದು 'ಸೂರ್ಯಪಾನ'. ನಾವು ಆರಿಂಚಿಗೊಂದು ಬೀಜ ಹಾಕಿದ್ದೇವೆಂದಾಗ ತಲೆ ಅಲ್ಲಾಡಿಸಿದರು. "ಅಷ್ಟು ದಟ್ಟ ಹಾಕಿದ್ರ ತೆನಿ ಕಟ್ಟಂಗಿಲ್ರೀ. ಸಾಲಿಗೆ ಎರಡಡಿ, ಗಿಡಕ್ಕ ಒಂದಡಿ ಬೇಕು." ಅವರ ಮಾತು ನೂರಕ್ಕೆ ನೂರು ಸರಿ, ಎಣ್ಣೆಗೆ. ನಮಗೆ ಬೇಕಿದ್ದುದು ತಟ್ಟೆಯಗಲದ ತೆನೆಯಲ್ಲ. ಕೈಯಲ್ಲಿ ಹಿಡಿಯುವಂಥ ತೆಳು ಕಾಂಡ, ಅಂಗೈಯಗಲದ ಹೂ. ಒತ್ತೊತ್ತಾಗಿ ಬೆಳೆದರೆ ಅದೇ ಬರುವುದು.

ಅಮೆರಿಕ ಮೂಲದ ಈ ಗಿಡ ಎಣ್ಣೆಬೆಳೆಯಾಗಿ ಭಾರತಕ್ಕೆ ಬಂದದ್ದು 1969ರಲ್ಲಿ, ಸೋವಿಯತ್ ರಷ್ಯಾದ ತಳಿಗಳ ರೂಪದಲ್ಲಿ. ಅದೇ 1969ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೆಕ್ಲೆರ್ಕ್ ಕಾಡು ಸೂರ್ಯಕಾಂತಿಯೊಂದನ್ನು ಬೆಳೆಯ ಸೂರ್ಯಕಾಂತಿಯೊಡನೆ ಕೂಡಿಸಿ, ಪರಾಗವೇ ಕಟ್ಟದ ಗಿಡವನ್ನು ಪಡೆದರು. ಹೈಬ್ರಿಡ್ ಬೀಜ ಮಾಡುವವರಿಗೆ ಅದು ವರವಾಯಿತು. ಆ ದಾರಿಯಲ್ಲೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್-1 ಹೈಬ್ರಿಡ್ ಹೊರತಂದಿತು. ಎಣ್ಣೆಯ ಹೈಬ್ರಿಡ್‌ನಲ್ಲಿ ಗಂಡು ಸಾಲಿನ ಮೂಲಕ ಪರಾಗ ಮರಳುವಂತೆ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಕಾಳು ಕಟ್ಟದು. ಜಪಾನಿನ ಟಾಕಿ ಕಂಪನಿಯ ಸನ್‌ರಿಚ್‌ನಂಥ ಗುಚ್ಛದ ತಳಿಗಳಲ್ಲಿ ಬೇಕೆಂದೇ ಪರಾಗವನ್ನು ದೂರವಿಟ್ಟಿದ್ದಾರೆ. ಮೇಜಿನ ಮೇಲೆ ಹಳದಿ ಪುಡಿ ಉದುರುವುದಿಲ್ಲ, ಹೂವೂ ಹೆಚ್ಚು ದಿನ ಬಾಳುತ್ತದೆ. ನಾನು ಊರಿದ್ದೂ ಪರಾಗವಿಲ್ಲದ ಗುಚ್ಛದ ತಳಿಯೇ. ಕುರುಗೋಡು ದಾರಿಯ ಹೊಲವೂ ಅಕ್ಕನ ಹಿತ್ತಿಲೂ ಹೀಗೆ ಒಳಗೊಳಗೇ ನೆಂಟರು!

ಮರುದಿನ ಜನವರಿ 17. ಎಣಿಸಿದರೆ ಐವತ್ತೈದನೆಯ ದಿನ. ಬೆಳಕು ಹರಿಯುವ ಮೊದಲೇ ಹಿತ್ತಿಲಿಗೆ ನಡೆದೆ.

ಕೊಯ್ಯುವ ಗಳಿಗೆ ಬಹಳ ಸಣ್ಣದು. ಪೂರ್ತಿ ಅರಳಿದ್ದನ್ನು ಕೊಯ್ದರೆ ಎರಡು ದಿನ ಆಗಲೇ ಕಳೆದಂತೆ. ಮೊಗ್ಗು ಬಿಗಿಯಾಗಿದ್ದರೆ ನೀರಲ್ಲಿ ಅರಳದೆ ಉಳಿದೀತು. ನಡುವಿನ ಬಿಲ್ಲೆಗೆ ಅಂಟಿಕೊಂಡಿದ್ದ ಹಳದಿ ಎಸಳುಗಳು ಒಂದೊಂದಾಗಿ ಮೇಲೇಳಲು ಶುರುಮಾಡಿರಬೇಕು. ಎದೆಮಟ್ಟದ ಗಿಡವೊಂದರ ಹತ್ತಿರ ಬ್ಯಾಟರಿ ಹಿಡಿದೆ. ಎಸಳು ಮುಂಜಾವದ ತಣ್ಪಿಗೆ ತೇವವಾಗಿದ್ದವು. ಎರಡು ಮೂರು ಸೆಟೆದು ನಿಂತಿದ್ದವು, ಉಳಿದವು ಇನ್ನೂ ಮುಖದ ಮೇಲೆ ಬೆರಳಿಟ್ಟು ಮಲಗಿದ ಮಗುವಿನ ಹಾಗೆ. ನಡುವಿನ ಬಿಲ್ಲೆಯಲ್ಲಿ ನೂರಾರು ಪುಟ್ಟ ಹೂಮೊಗ್ಗುಗಳು ಸುರುಳಿ ಸುರುಳಿಯಾಗಿ, ಎಡಕ್ಕೊಂದು ಸುತ್ತು ಬಲಕ್ಕೊಂದು ಸುತ್ತು. ನಾವು ಒಂದು ಹೂ ಎನ್ನುವುದು ಇಡೀ ಒಂದು ಊರು. ಕಾಂಡ ಹಿಡಿದರೆ ಗರಗಸದಂಥ ಒರಟು ರೋಮ. ಚಾಕು ಓರೆಯಾಗಿ ಎಳೆದೆ. ಒಳಗೆ ಬಿಳಿ ಬೆಂಡು, ಬೆರಳಿಗೆ ಅಂಟು, ರಾಳದಂಥ ಘಾಟು. ಕೆಳಗಿನ ಎಲೆಗಳನ್ನೆಲ್ಲ ಸವರಿ, ಮೇಲೆರಡು ಉಳಿಸಿ ಬಕೆಟ್ಟಿಗೆ ಇಳಿಸಿದೆ. ಮೂವತ್ತು ಹೂ. ಗಂಟೆ ಎಂಟಾಗುವಷ್ಟರಲ್ಲಿ ಬಕೆಟ್ಟಿನ ನೀರು ಎರಡು ಬೆರಳು ಇಳಿದಿತ್ತು!

ಇನ್ನೊಂದು ಮಡಿಯಲ್ಲಿ ಬೇರೆ ತಳಿ ಹಾಕಿದ್ದೆ. ಅದು ಮೊಣಕಾಲೆತ್ತರಕ್ಕೇ ಹೂ ಬಿಟ್ಟು ಮುಗಿಸಿತ್ತು. ಕೆಲವು ತಳಿಗಳು ಹಗಲಿನ ಉದ್ದ ಲೆಕ್ಕ ಹಾಕುತ್ತವೆ. ನಮ್ಮ ಡಿಸೆಂಬರಿನ ಹನ್ನೊಂದು ಗಂಟೆ ಚಿಲ್ಲರೆಯ ಹಗಲು ಕಂಡರೆ ಎತ್ತರ ಬಿಟ್ಟು ಹೂವಿಗೆ ಆತುರಪಡುತ್ತವೆ. ಚಳಿಗಾಲಕ್ಕೆ ಹಗಲಿನ ಗೊಡವೆಯಿಲ್ಲದ ತಳಿಯೇ ಆಗಬೇಕು.

ಐದು ಹೂಗಳ ಗುಚ್ಛ ಹಿಡಿದು ಹಂಪಿಗೆ ಹೋದೆ. ತುರ್ತಾ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆ ಇಂದಿಗೂ ಬಾಳೆತೋಟಗಳಿಗೆ ಉಣಿಸುತ್ತಿದೆ. 1443ರಲ್ಲಿ ಇಮ್ಮಡಿ ದೇವರಾಯನ ಕಾಲಕ್ಕೆ ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್, ಈ ಊರಿನ ಜನಕ್ಕೆ ಗುಲಾಬಿ ಎಂದರೆ ಅನ್ನದಷ್ಟೇ ಅಗತ್ಯ ಎಂದು ಬೆರಗಾಗಿ ಬರೆದಿಟ್ಟ. ತುಂಗಭದ್ರೆಯ ಮೇಲೆ ಹಡಗಿನಲ್ಲಿ ಇಲ್ಲಿಗೆ ಹೂ ಕಳಿಸುತ್ತಿದ್ದರಿಂದಲೇ ಹೂವಿನಹಡಗಲಿಗೆ ಆ ಹೆಸರು ಬಂತೆಂದು ಜನ ಇಂದಿಗೂ ಹೇಳುತ್ತಾರೆ. ಅಂಥ ಊರಿನ ಬೀದಿಯಲ್ಲಿ, ವಿರೂಪಾಕ್ಷನ ಗೋಪುರದ ಎದುರು, ಹೂ ಕಟ್ಟುತ್ತ ಕೂತಿದ್ದ ತಾಯಿಯೊಬ್ಬಳು ನನ್ನ ಗುಚ್ಛ ನೋಡಿ ಕೈ ನಿಲ್ಲಿಸಿದಳು.

"ಇದನ್ನ ಹೆಂಗವ್ವಾ ಮುಡಿಯೋದು?"

"ಮುಡಿಯೋದಲ್ಲ, ನೀರಾಗ ಇಟ್ಟು ನೋಡೋದು."

ಒಂದು ಹೂ ಕೊಟ್ಟೆ. ಮಲ್ಲಿಗೆಗೆ ಚಿಮುಕಿಸಲು ಇಟ್ಟಿದ್ದ ನೀರಿನ ತಂಬಿಗೆಗೆ ಅದನ್ನು ಇಳಿಸಿ, ಸ್ವಲ್ಪ ತಿರುಗಿಸಿ, ಮುಖ ಬೀದಿಗೆ ಮಾಡಿದಳು. ತುಸು ಹೊತ್ತು ನೋಡಿದಳು. "ದೊಡ್ಡ ಕುಂಕುಮ ಇಟ್ಟಂಗ ಐತಿ" ಅಂದಳು. ಅದಕ್ಕಿಂತ ಸರಿಯಾದ ಮಾತು ನನಗೆ ಇನ್ನೂ ಹೊಳೆದಿಲ್ಲ.

ಉಳಿದ ಹೂಗಳೊಂದಿಗೆ ಮೂರನೆಯ ದಿನ ಸಂಡೂರು. ಚಿತ್ರಕಲೆ ಕಲಿಸುವ ಗೆಳತಿಗೂ ಅದೇ ಬೀಜ ಕೊಟ್ಟಿದ್ದೆ. ಅದಿರಿನ ನಾಡಿನ ಕೆಂಪು ಮಣ್ಣು. ಅವಳ ಗಿಡಗಳ ಎಲೆಯ ಮೇಲೆಲ್ಲ ಕೆಮ್ಮಣ್ಣಿನ ಧೂಳು ಕೂತಿತ್ತು. ಆದರೆ ಆಗಷ್ಟೇ ಬಿಚ್ಚಿದ ಎಸಳಿನ ಮೇಲೆ ಒಂದು ಕಣವಿಲ್ಲ, ತೊಳೆದ ಚಿನ್ನ! ಅವಳ ಗೋಡೆಯ ಮೇಲೆ ವ್ಯಾನ್ ಗೋ 1888ರಲ್ಲಿ ಆರ್ಲ್ ಎಂಬ ಊರಲ್ಲಿ ಬರೆದ ಸೂರ್ಯಕಾಂತಿಗಳ ಅಚ್ಚು ಇದೆ. ಅವೂ ಕೊಯ್ದ ಹೂಗಳೇ, ಹೂದಾನಿಯಲ್ಲಿ ನಿಂತವು. ಹತ್ತು ಹೂ ಅದರ ಕೆಳಗೆ ಇಟ್ಟೆವು. ದಿನಾ ನೀರು ಬದಲಿಸಿದಳಂತೆ, ಎಂಟನೆಯ ದಿನಕ್ಕೆ ಮೊದಲ ಎಸಳು ಉದುರಿತು.

ಅಂಗೈಯಗಲ ಬಿಸಿಲು ಬೀಳುವ ಜಾಗ ನಿಮ್ಮಲ್ಲಿದ್ದರೆ ಹತ್ತು ಬೀಜ ಊರಿ. ಹತ್ತು ದಿನ ಬಿಟ್ಟು ಮತ್ತೆ ಹತ್ತು, ಆಗ ಹೂ ಒಂದರ ಹಿಂದೊಂದು ಬರುತ್ತದೆ. ಗಿಳಿ ಬರುವ ಊರಾದರೆ ಹಳೆಯ ಸೀರೆ ಹೊದಿಸುವುದನ್ನು ಮಾತ್ರ ಮರೆಯಬೇಡಿ.