ನವಿಲುತೀರ್ಥದ ನೀರು, ನಮ್ಮ ಮನೆಯ ನಲ್ಲಿ

ನನ್ನ ಮೊಮ್ಮಗಳು ಈಗ ಆರನೇ ಇಯತ್ತೆ. ದಸರಾ ರಜೆಗೆ ಶಾಲೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದರು: 'ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?' ಅವಳು 'ನಲ್ಲಿಯಿಂದ' ಎಂದು ಬರೆದು ಪುಸ್ತಕ ಮುಚ್ಚಿಬಿಟ್ಟಿದ್ದಳು.

"ನಲ್ಲಿಗೆ ಎಲ್ಲಿಂದ ಬರತೈತಿ?" ಎಂದೆ.

"ಟಾಕಿಯಿಂದ."

"ಟಾಕಿಗೆ?"

ಅವಳು ಸುಮ್ಮನಾದಳು. ಮರುದಿನ ಬೆಳಗ್ಗೆ ಅಜ್ಜ-ಮೊಮ್ಮಗಳು ಧಾರವಾಡದಿಂದ ಸವದತ್ತಿ ಬಸ್ಸು ಹತ್ತಿದೆವು.

ದಾರಿಯಲ್ಲಿ ಅಮ್ಮಿನಬಾವಿ ಸಿಗುತ್ತದೆ. ಸವದತ್ತಿಯಿಂದ ಪೈಪಿನಲ್ಲಿ ಬರುವ ನೀರನ್ನು ಶುದ್ಧ ಮಾಡಿ ಹುಬ್ಬಳ್ಳಿ-ಧಾರವಾಡಕ್ಕೆ ಕಳಿಸುವುದು ಇಲ್ಲಿಂದಲೇ. ಹಾರೋಬೆಳವಡಿ, ಇನಾಮಹೊಂಗಲ ದಾಟಿದರೆ ಎರಡೂ ಕಡೆ ಎರೆಭೂಮಿ. ಹಿಂಗಾರಿ ಜೋಳ ಬಿತ್ತಿ ಕೆಲವೇ ದಿನ ಆಗಿತ್ತು. ಸವದತ್ತಿಯಲ್ಲಿ ಇಳಿದು ಟಂಟಂ ಹಿಡಿದು ನವಿಲುತೀರ್ಥ ತಲುಪಿದಾಗ ಹನ್ನೊಂದು ಗಂಟೆ.

ನೋಡದವರಿಗೆ ಜಾಗ ಹೇಗಿದೆ ಎಂದು ಹೇಳಬೇಕು. ಕೆಂಪು ಕಲ್ಲಿನ ಎರಡು ಗುಡ್ಡಗಳ ನಡುವೆ ಮಲಪ್ರಭೆ ತಾನೇ ಕೊರೆದುಕೊಂಡ ಇಕ್ಕಟ್ಟಾದ ದಾರಿ ಇದೆ. ಅಲ್ಲಿಗೆ ನವಿಲುಗಳು ನೀರು ಕುಡಿಯಲು ಬರುತ್ತಿದ್ದವು, ಅದಕ್ಕೇ ಆ ಹೆಸರು ಎಂದು ಹಿರಿಯರು ಹೇಳುತ್ತಿದ್ದರು. ಆ ಇಕ್ಕಟ್ಟಿಗೆ ಅಡ್ಡಲಾಗಿ ಎಪ್ಪತ್ತರ ದಶಕದ ಮೊದಲಿಗೆ ಅಣೆಕಟ್ಟು ಎದ್ದಿತು. ಗೋಡೆ ಚಿಕ್ಕದು, ಹಿಂದೆ ನಿಂತ ನೀರು ಮಾತ್ರ ಬಹಳ ದೊಡ್ಡದು. ಯಲ್ಲಮ್ಮನ ಗುಡ್ಡ ಹತ್ತಿರವೇ ಇರುವುದರಿಂದ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರು. ತುಂಬಿದರೆ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮೊಮ್ಮಗಳಿಗೆ ಸೊನ್ನೆ ಎಣಿಸಲು ಹೇಳಿದೆ, ಅರ್ಧಕ್ಕೇ ಬಿಟ್ಟಳು.

"ಅಜ್ಜಾ, ಇಷ್ಟ ನೀರು ಇದ್ದರೂ ನಮಗ ಯಾಕ ದಿನಾ ಬಿಡೂದಿಲ್ಲ?"

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ನೀರು ಇಲ್ಲಿಯ ಮಳೆಯದಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನೆತ್ತಿಯಲ್ಲಿ. ಅಲ್ಲಿ ಸುರಿಯುವ ಮಳೆಯ ಸಣ್ಣ ಪಾಲೂ ಸವದತ್ತಿಯ ಬಯಲಿಗೆ ಬೀಳುವುದಿಲ್ಲ. ಹೊಳೆ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲದ ಸೀಮೆ ಹಾಯ್ದು ಇಲ್ಲಿಗೆ ಬರುತ್ತದೆ. ಮುಂದೆ ರಾಮದುರ್ಗ, ಪಟ್ಟದಕಲ್ಲು, ಐಹೊಳೆ ಮುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಒಟ್ಟು ಸುಮಾರು 300 ಕಿ.ಮೀ. ಹರಿಯುವ ಹೊಳೆಯ ಸಂಪತ್ತೆಲ್ಲ ಆ ಒಂದು ಮೂಲೆಯ ಮಳೆ.

ಎಪ್ಪತ್ತರ ದಶಕದ ಕೊನೆಗೆ ನಾನು ಈ ಭಾಗದ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಜೂನ್ ಮೊದಲ ವಾರ ಮಿರ್ಗ ಕೂಡಿತೆಂದರೆ ಬೆಳೆಸಾಲಕ್ಕೆ ರೈತರ ಸಾಲು. ಒದ್ದೆ ಕಂಬಳಿ ಬಾಗಿಲ ಹೊರಗೆ ಇಟ್ಟು ಒಳಗೆ ಬರುತ್ತಿದ್ದರು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗಳ ಹೆಸರು ಹೇಳಿಯೇ ಮಾತು. ಜಿಟಿಜಿಟಿ ಮಳೆ ಹತ್ತಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ನಮ್ಮ ಲೆಡ್ಜರಿನ ಹಾಳೆಗಳೇ ಮೆತ್ತಗಾಗುತ್ತಿದ್ದವು. ಆಗಲೂ ಬರ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. 1972ರ ಬರದ ಸುದ್ದಿಯನ್ನು ಅವರೇ ಹೇಳುತ್ತಿದ್ದರು. ಆದರೆ ಬರುವ ಮಳೆಗೆ ಒಂದು ನಡಿಗೆ ಇತ್ತು.

ಈಗ ಆ ನಡಿಗೆ ತಪ್ಪಿದೆ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಮಹಾಪೂರ. 2015, 2016ರಲ್ಲಿ ಬರ. ಕಳಸಾ-ಬಂಡೂರಿ ನೀರಿಗಾಗಿ ನರಗುಂದ, ನವಲಗುಂದದ ರೈತರು ಬೀದಿಗೆ ಇಳಿದರು. 2019ರಲ್ಲಿ ಜೂನ್ ತಿಂಗಳೆಲ್ಲ ಮುಗಿಲು ನೋಡಿದ್ದಾಯಿತು, ಆಗಸ್ಟ್ ಮೊದಲ ವಾರದಲ್ಲಿ ಘಟ್ಟದ ಮಳೆ ಒಮ್ಮೆಲೇ ಬಂತು. ಗೇಟು ತೆರೆಯದೆ ಬೇರೆ ದಾರಿ ಇರಲಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತಿತು. 2023ರಲ್ಲಿ ಮತ್ತೆ ಬರ; ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು.

ಮೊಮ್ಮಗಳಿಗೆ ಹೀಗೆ ಹೇಳಿದೆ: ಗಾಳಿ ಒಂದು ಚೀಲ ಇದ್ದ ಹಾಗೆ. ಗಾಳಿ ಬಿಸಿಯಾದಷ್ಟೂ ಚೀಲ ಹಿಗ್ಗುತ್ತದೆ. ಒಂದು ಡಿಗ್ರಿ ಬಿಸಿ ಹೆಚ್ಚಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಿನ ಆವಿ ಅದರಲ್ಲಿ ಹಿಡಿಯುತ್ತದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಅರಬ್ಬೀ ಸಮುದ್ರವೂ ಕಾಯುತ್ತಿದೆ. ದೊಡ್ಡ ಚೀಲ ತುಂಬಲು ತಡ. ತುಂಬಿದ ಮೇಲೆ ಎಲ್ಲ ಒಂದೇ ಸಲ ಸುರಿಯುತ್ತದೆ. ಪುಣೆಯ ಹವಾಮಾನ ವಿಜ್ಞಾನಿಗಳು 1950ರಿಂದ 2015ರವರೆಗಿನ ಲೆಕ್ಕ ತೆಗೆದು, ಮಧ್ಯ ಭಾರತದಲ್ಲಿ ಇಂಥ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ ಎಂದು 2017ರಲ್ಲಿ ಹೇಳಿದ್ದಾರೆ.

ಅಣೆಕಟ್ಟಿಗೆ ಇದು ದೊಡ್ಡ ಪೇಚು. ಮಹಾಪೂರ ಬಂದೀತೆಂದು ಖಾಲಿ ಇಟ್ಟರೆ, ಮಳೆ ಕೈಕೊಟ್ಟಾಗ ಬೇಸಿಗೆಗೆ ನೀರಿಲ್ಲ. ತುಂಬಿಸಿಟ್ಟರೆ, ಮಳೆ ಒಮ್ಮೆಲೇ ಬಂದಾಗ ಕೆಳಗಿನ ಊರು ಮುಳುಗುತ್ತವೆ. ಹರಿದುಹೋದ ನೀರು ಏಪ್ರಿಲ್ಲಿಗೆ ಸಿಗುವುದಿಲ್ಲ. ಹಾಗಂತ ಎಲ್ಲವನ್ನೂ ಮುಗಿಲಿನ ತಲೆಗೆ ಕಟ್ಟುವುದೂ ಸರಿಯಲ್ಲ. ಹೊಳೆಯ ದಂಡೆಗುಂಟ ಕಬ್ಬು ಎಷ್ಟು ಹೆಚ್ಚಾಗಿದೆ, ಪಂಪ್‌ಸೆಟ್ಟುಗಳು ಎಷ್ಟು, ನಾವು ನಗರದವರು ಎಷ್ಟು ಚೆಲ್ಲುತ್ತೇವೆ, ಅದನ್ನೂ ಕೇಳಿಕೊಳ್ಳಬೇಕಲ್ಲ.

ಮಧ್ಯಾಹ್ನ ಮುನವಳ್ಳಿಗೆ ಹೋದೆವು. ನನ್ನ ತಂಗಿಯನ್ನು ಕೊಟ್ಟ ಊರು, ಅಣೆಕಟ್ಟಿನ ಕೆಳಗೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಊಟ ಮಾಡುತ್ತ ಮೊಮ್ಮಗಳು ಗೋಡೆ ನೋಡಿದಳು. ಅವಳ ಎದೆಮಟ್ಟಕ್ಕೆ ಒಂದು ಕಂದು ಗೆರೆ.

"ಆಯಿ, ಇದೇನು?"

"ಹತ್ತೊಂಬತ್ತನೇ ಸಾಲಿನ ಹೊಳಿ, ಅಲ್ಲೀತನಾ ಬಂದಿತ್ತು. ಸುಣ್ಣ ಹಚ್ಚಿದರೂ ಮತ್ತ ಮೂಡತೈತಿ. ನಿಮ್ಮ ಅಜ್ಜ ತಗಸಿ ಕೊಟ್ಟಿದ್ದ ಪಾಸಬುಕ್ಕನೂ ಅದರಾಗ ಹೋತು."

ಆ ಪಾಸ್‌ಬುಕ್ ನಾನೇ ನನ್ನ ಕೈಯಾರೆ ಬರೆದು ಕೊಟ್ಟದ್ದು. ಅವಳು ಇದುವರೆಗೂ ನನಗೆ ಹೇಳಿರಲಿಲ್ಲ. ನೀರು ಏರುವಾಗ ಫೋನ್ ಮಾಡಿದ್ದಳು. 'ಅಣ್ಣಾ, ಬರಬ್ಯಾಡ, ದಾರಿ ಬಂದ್ ಆಗೇತಿ' ಎಂದದ್ದಷ್ಟೇ ನನಗೆ ನೆನಪು.

ಈಗ ಅವಳ ಮನೆಯಲ್ಲಿ ಕಾಗದಪತ್ರವೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೋಳದ ಚೀಲ ಅಟ್ಟದ ಮೇಲೆ. ಮೊಣಕಾಲು ನೋಯುತ್ತಿದ್ದರೂ ಏಣಿ ಹತ್ತಿಯೇ ಜೋಳ ತೆಗೆಯುತ್ತಾಳೆ. ಹೆಸರಿನ ಗತಿಯೂ ಬದಲಾಗಿದೆ. ಮಿರ್ಗಕ್ಕೆ ಬಿತ್ತುತ್ತಿದ್ದದ್ದು ಈಗ ಮಳೆಯ ದಾರಿ ಕಾಯುತ್ತ ತಡವಾಗುತ್ತದೆ. ಕಾಯಿ ಒಣಗಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಾಯಲ್ಲೇ ಮೊಳೆಯುತ್ತದೆ, ಕಪ್ಪಾಗುತ್ತದೆ. ಕಪ್ಪಾದ ಹೆಸರಿಗೆ ಪೇಟೆಯಲ್ಲಿ ಅರ್ಧ ಬೆಲೆಯೂ ಕಷ್ಟ. ಒಂದು ಬುಟ್ಟಿ ತಂದು ತೋರಿಸಿದಳು. ಮೊಮ್ಮಗಳು ಹಸಿರು ಕಾಳು ಒಂದು ಕಡೆ, ಕಪ್ಪು ಕಾಳು ಒಂದು ಕಡೆ ಆರಿಸುತ್ತ ಕೂತಳು. ಸಂಜೆವರೆಗೂ ಏಳಲಿಲ್ಲ.

ಹೊರಡುವಾಗ ತಂಗಿ ಆರಿಸಿದ ಹಸಿರು ಹೆಸರನ್ನು ಚೀಲಕ್ಕೆ ಹಾಕಿ ಕೊಟ್ಟಳು. "ಕರೇವು ನಮಗಿರಲಿ, ನಾವು ಉಣ್ಣತೇವಿ" ಎಂದಳು. ಅಟ್ಟದಿಂದ ಚೀಲ ಇನ್ನಾದರೂ ಇಳಿಸಬಾರದೇ ಎಂದು ಕೇಳಿದೆ.

"ಸ್ವಾತಿ ಮಳಿ ಮುಗೀಲಿ ಅಣ್ಣಾ, ಆಮ್ಯಾಲ ನೋಡೂಣು."

ಬಸ್ಸಿನಲ್ಲಿ ಮೊಮ್ಮಗಳು ಪುಸ್ತಕ ತೆಗೆದು 'ನಲ್ಲಿಯಿಂದ' ಎಂಬುದನ್ನು ಅಳಿಸಿದಳು. ಕಣಕುಂಬಿ ಎಂದು ಬರೆದು, ಅದರ ಮುಂದೆ ಊರುಗಳ ಹೆಸರನ್ನು ಒಂದೊಂದಾಗಿ ಕೇಳಿ ಸೇರಿಸುತ್ತ ಹೋದಳು. ಸವದತ್ತಿ ಆದಮೇಲೆ, ನಾನು ಹೇಳದಿದ್ದರೂ, ಮುನವಳ್ಳಿ ಎಂದೂ ಬರೆದಳು.

"ಅದು ಕೆಳಗಿನ ಊರು, ನಮ್ಮ ನೀರು ಆ ದಾರೀಲೆ ಬರೂದಿಲ್ಲ" ಎಂದೆ.

"ಇರಲಿ ಅಜ್ಜಾ" ಎಂದಳು.