ಕಂದಕದಿಂದ ಕಂಡ ಶತ್ರು

ಮೊದಲ ಮಹಾಯುದ್ಧವನ್ನು ನಾವು ಶಾಲೆಯಲ್ಲಿ ಕಲಿತದ್ದು ಕಾರಣಗಳು, ಒಪ್ಪಂದಗಳು, ಪರಿಣಾಮಗಳು ಎಂಬ ಪಟ್ಟಿಗಳಲ್ಲಿ. ಕೆಸರಿನಲ್ಲಿ ನಿಂತ ಕಾಲಾಳಿನ ಮುಖ ನಮಗೆ ಕಂಡದ್ದು ಎರಿಕ್ ಮರಿಯಾ ರೆಮಾರ್ಕ್ ಅವರ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಕಾದಂಬರಿ ಓದಿದಾಗ.

ರೆಮಾರ್ಕ್ ಜರ್ಮನಿಯ ಓಸ್ನಾಬ್ರೂಕ್ ಪಟ್ಟಣದವರು, ಪುಸ್ತಕಕ್ಕೆ ರಟ್ಟು ಕಟ್ಟುವವರೊಬ್ಬರ ಮಗ. ಶಿಕ್ಷಕನಾಗಲು ಓದುತ್ತಿದ್ದಾಗ, 1916ರ ನವೆಂಬರ್‌ನಲ್ಲಿ, ಹದಿನೆಂಟನೆಯ ವಯಸ್ಸಿಗೇ ಸೈನ್ಯದ ಕರೆ ಬಂತು. 1917ರ ಜೂನ್‌ನಲ್ಲಿ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ರಣರಂಗ ತಲುಪಿದರು. ಮುಳ್ಳುತಂತಿ ಕಟ್ಟುವುದು, ನೆಲೆಗಳನ್ನು ಭದ್ರಪಡಿಸುವುದು ಅವರ ತುಕಡಿಯ ಕೆಲಸ. ಜುಲೈನಲ್ಲಿ ಈಪ್ರ್ ಪಟ್ಟಣದ ಸುತ್ತ ಬ್ರಿಟಿಷ್ ಫಿರಂಗಿಗಳು 40 ಲಕ್ಷಕ್ಕೂ ಹೆಚ್ಚು ಶೆಲ್ಲುಗಳನ್ನು ಸುರಿದವು. ಒಂದು ಸ್ಫೋಟಕ್ಕೂ ಇನ್ನೊಂದಕ್ಕೂ ನಡುವೆ ಬಿಡುವೇ ಇಲ್ಲದ ಇಂಥ ದಾಳಿಗೆ ಜರ್ಮನ್ ಸೈನಿಕರು ನಗಾರಿಯ ಬಡಿತದ ಹೆಸರಿಟ್ಟಿದ್ದರು. ಜುಲೈ 31ರಂದು ಶೆಲ್ಲಿನ ಚೂರುಗಳು ರೆಮಾರ್ಕ್ ಅವರ ಕಾಲು, ಕೈ, ಕುತ್ತಿಗೆಗೆ ಹೊಕ್ಕವು. ಅವರು ರಣರಂಗಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ.

1929ರಲ್ಲಿ ಪುಸ್ತಕವಾಗಿ ಬಂದ ಆ ಕಾದಂಬರಿಯ ಒಂದು ಪ್ರಸಂಗ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಶೆಲ್ ಬಿದ್ದ ಗುಂಡಿಯಲ್ಲಿ ಅಡಗಿದ್ದ ಪೌಲ್ ಎಂಬ ಜರ್ಮನ್ ಸೈನಿಕ, ತನ್ನ ಮೇಲೆ ಬಿದ್ದ ಫ್ರೆಂಚ್ ಸೈನಿಕನನ್ನು ಭಯದಿಂದ ಇರಿಯುತ್ತಾನೆ. ಆತ ಕೂಡಲೇ ಸಾಯುವುದಿಲ್ಲ. ಗಂಟೆಗಟ್ಟಲೆ ನರಳುತ್ತಾನೆ. ಇರಿದ ಕೈಯೇ ಅವನಿಗೆ ನೀರು ಕುಡಿಸುತ್ತದೆ, ಗಾಯಕ್ಕೆ ಪಟ್ಟಿ ಕಟ್ಟುತ್ತದೆ. ಸತ್ತ ಮೇಲೆ ಜೇಬಿನಲ್ಲಿ ಸಿಗುವುದು ಹೆಂಡತಿ, ಮಗುವಿನ ಚಿತ್ರ. ಶತ್ರುವಿಗೂ ಒಂದು ಹೆಸರಿತ್ತು. ಅವನೊಬ್ಬ ಮುದ್ರಣಕಾರ.

ಇದೇ ಈಪ್ರ್ ಬಳಿ 1914ರಲ್ಲಿ ಬ್ರಿಟಿಷರು ಜರ್ಮನರೆದುರು ನಮ್ಮ ಉಪಖಂಡದವರನ್ನೂ ನಿಲ್ಲಿಸಿದ್ದರು. ಪಂಜಾಬಿನ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಅಲ್ಲಿನ ಹೋರಾಟಕ್ಕೆ. ಪಂಜಾಬಿನ ಯುವಕನಿಗೂ ಜರ್ಮನಿಯ ಯುವಕನಿಗೂ ಯಾವ ಹಗೆಯಿತ್ತು? ಅಲ್ಲೇ ಹತ್ತಿರದ ಲಾಂಗೆಮಾರ್ಕ್ ಸ್ಮಶಾನದಲ್ಲಿ 44,000ಕ್ಕೂ ಹೆಚ್ಚು ಜರ್ಮನ್ ಸೈನಿಕರು ಮಲಗಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಸಾಮೂಹಿಕ ಸಮಾಧಿಯಲ್ಲಿ.

ಶತ್ರುವಿನಲ್ಲಿ ಮನುಷ್ಯನನ್ನು ಕಂಡ ಈ ಸೈನಿಕನನ್ನು ನಾಜಿಗಳು ಕ್ಷಮಿಸಲಿಲ್ಲ. 1930ರ ಡಿಸೆಂಬರ್‌ನಲ್ಲಿ ಕಾದಂಬರಿಯ ಸಿನಿಮಾ ಬರ್ಲಿನ್‌ಗೆ ಬಂದಾಗ ಚಿತ್ರಮಂದಿರದೊಳಗೆ ಇಲಿಗಳನ್ನು ಬಿಟ್ಟು ಗಲಭೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಚಿತ್ರ ನಿಷೇಧವಾಯಿತು. 1933ರ ಮೇ 10ರಂದು ಪುಸ್ತಕ ಬೆಂಕಿಗೆ ಬಿತ್ತು. 1938ರಲ್ಲಿ ರೆಮಾರ್ಕ್ ಅವರ ಪೌರತ್ವ ಕಿತ್ತುಕೊಂಡರು. ಅವರು ದೇಶದ ಹೊರಗಿದ್ದುದರಿಂದ ಬದುಕುಳಿದರು. ಬಟ್ಟೆ ಹೊಲಿದು ಬದುಕುತ್ತಿದ್ದ ತಂಗಿ ಎಲ್‌ಫ್ರೀಡೆ ಜರ್ಮನಿಯಲ್ಲೇ ಉಳಿದಿದ್ದರು. ಯುದ್ಧ ಸೋತಾಯಿತು ಎಂಬ ಮಾತಿಗಾಗಿ 1943ರ ಡಿಸೆಂಬರ್‌ನಲ್ಲಿ ಆಕೆಯ ತಲೆ ಕಡಿದರು.

ಒಂದು ಪುಸ್ತಕಕ್ಕೆ ಪ್ರಭುತ್ವ ಇಷ್ಟು ಹೆದರುವುದೇಕೆ? ಎದುರಿನವನಿಗೂ ಹೆಂಡತಿ ಮಕ್ಕಳಿದ್ದಾರೆಂದು ಅರಿತವನ ಕೈಗೆ ಮತ್ತೆ ಬಂದೂಕು ಕೊಡುವುದು ಸುಲಭವಲ್ಲ. ದ್ವೇಷವನ್ನು ಉಳಿಸಿಕೊಳ್ಳಲು ದೂರ ಬೇಕು.

ಕಾದಂಬರಿಯಲ್ಲಿ ಪೌಲ್ ರಜೆಯ ಮೇಲೆ ಊರಿಗೆ ಬರುತ್ತಾನೆ. ಕಂದಕವನ್ನೇ ಕಾಣದ ಊರ ಹಿರಿಯರು ಬಿಯರ್ ಕುಡಿಯುತ್ತಾ, ಯಾವ ಯಾವ ನಾಡನ್ನು ಕಿತ್ತುಕೊಳ್ಳಬೇಕೆಂದು ಅವನಿಗೇ ಪಾಠ ಹೇಳುತ್ತಾರೆ. ಅವನು ಏನು ಹೇಳಿದರೂ ಅವರಿಗೆ ಅರ್ಥವಾಗುವುದಿಲ್ಲ. ಟಿ.ವಿ. ಮುಂದೆ ಕುಳಿತು ಯುದ್ಧದ ಸುದ್ದಿ ನೋಡುವ ನಾವು ಯಾರ ಮಾತನ್ನು ಕೇಳಿಸಿಕೊಳ್ಳುತ್ತಿದ್ದೇವೆ, ಆ ಹಿರಿಯರದೋ, ಪೌಲ್‌ನದೋ?