ಬೇನೆಯ ಮಗ್ಗುಲಲ್ಲಿ ಒಬ್ಬಾಕೆ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ಇಂಥದೊಂದು ರಾತ್ರಿಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ನೀರು ನಿಂತ ಭತ್ತದ ಗದ್ದೆಗಳಲ್ಲಿ ಕಪ್ಪೆಗಳ ಗಲಾಟೆ. ಎರಡು ಮಕ್ಕಳ ತಾಯಿಯೊಬ್ಬಳು, ಇಪ್ಪತ್ತೇಳು ಇಪ್ಪತ್ತೆಂಟರ ಆಶಾ ಕಾರ್ಯಕರ್ತೆ, ಹಾಲು ಕುಡಿಯುವ ಕೂಸನ್ನು ಹೇಗೋ ಮಲಗಿಸಿ ಆಗಷ್ಟೇ ಕಣ್ಣು ಮುಚ್ಚಿದ್ದಾಳೆ. ಹೊರಗಿನಿಂದ ಯಾರೋ 'ದಿದಿ' ಎಂದು ಕರೆಯುತ್ತಾರೆ. ಬಂಗಾಳಿಯಲ್ಲಿ ದಿದಿ ಎಂದರೆ ಅಕ್ಕ. ಆ ಹೊತ್ತಿನಲ್ಲಿ ಅಷ್ಟೇ ಮಾತು ಸಾಕು. ಯಾರ ಮನೆ, ದಿನ ತುಂಬಿದೆಯೇ, ಚೊಚ್ಚಲೋ ಎರಡನೆಯದೋ ಎಲ್ಲವೂ ಆಕೆಗೆ ಗೊತ್ತು. 108ಕ್ಕೆ ಫೋನು ಮಾಡಿ, ತಾಯಿ ಕಾರ್ಡು ತೆಗೆದಿಟ್ಟುಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟುವ ಮುನ್ನ ಒಮ್ಮೆ ಹೊರಳಿ ನೋಡುತ್ತಾಳೆ. ಕೂಸು ಮಲಗಿದೆ. ಎದ್ದರೆ?

ಆರ್.ಎಚ್. ಕ್ಯಾಂಪು ಎಂದರೆ ಪುನರ್ವಸತಿ ಶಿಬಿರ. ಪೂರ್ವ ಬಂಗಾಳವನ್ನು ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ನೆಲೆ ಕೊಟ್ಟಿತು. ಶಿಬಿರ ಎಂಬ ಹೆಸರು ಉಳಿದಿದೆ, ಶಿಬಿರ ಉಳಿದಿಲ್ಲ. ಈಗ ಅದೊಂದು ಊರು. ಮನೆಯೊಳಗೆ ಬಂಗಾಳಿ, ಶಾಲೆಯಲ್ಲಿ, ಸಂತೆಯಲ್ಲಿ ಕನ್ನಡ. ಬಂಗಾಳಿಯವರು 'ದಾಯಿ' ಎನ್ನುವವಳನ್ನು ರಾಯಚೂರು ಸೀಮೆಯವರು ಸೂಲಗಿತ್ತಿ ಎನ್ನುತ್ತಾರೆ. ಅವರ 'ಆಂತುಡ್ ಘರ್' ಇವರ ಬಾಣಂತಿ ಕೋಣೆ. ಹೆರುವವಳ ಮಗ್ಗುಲಲ್ಲಿ ಕೂರುವವಳಿಗೆ ಎರಡೂ ಭಾಷೆಗಳಲ್ಲಿ ಹಳೆಯ ಹೆಸರಿದೆ. ಪಶ್ಚಿಮದವರು ಮಾತ್ರ ಹೆಸರಿಗಾಗಿ ಗ್ರೀಕಿನವರೆಗೆ ಹೋಗಬೇಕಾಯಿತು.

ಆ ಹೆಸರು 'ಡೌಲಾ'. ಸೇವೆ ಮಾಡುವ ಹೆಂಗಸು ಎಂದು ಅದರ ಮೂಲಾರ್ಥ. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಫೇಲ್ 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೊಸ ತಾಯಿಗೆ ಆಸರೆಯಾಗುವವಳು ಎಂಬ ಅರ್ಥದಲ್ಲಿ ಅದನ್ನು ಬಳಕೆಗೆ ತಂದರು. 1992ರ ಹೊತ್ತಿಗೆ ಅಲ್ಲಿ ಡೌಲಾಗಳ ತರಬೇತಿಗೆಂದೇ ಸಂಸ್ಥೆಯೊಂದು ಹುಟ್ಟಿತು. ಡೌಲಾ ಹೆರಿಗೆ ಮಾಡಿಸುವವಳಲ್ಲ, ಸೂಜಿ ಹಾಕುವುದಿಲ್ಲ, ಹೊಕ್ಕುಳಬಳ್ಳಿ ಕತ್ತರಿಸುವುದಿಲ್ಲ. ಬೆನ್ನು ನೀವುತ್ತಾಳೆ, ನೀರು ಕುಡಿಸುತ್ತಾಳೆ, ಉಸಿರು ಹೇಗೆ ಬಿಡಬೇಕೆಂದು ಹೇಳಿಕೊಡುತ್ತಾಳೆ, ವೈದ್ಯರು ಹೇಳಿದ್ದನ್ನು ತಿಳಿಯುವಂತೆ ತಿರುಗಿ ಹೇಳುತ್ತಾಳೆ. ಮುಖ್ಯವಾಗಿ, ಎದ್ದು ಹೋಗುವುದಿಲ್ಲ. ಸೂಲಗಿತ್ತಿಯದು ಎರಡು ಕೆಲಸ: ಕೂಸನ್ನು ಹಿಡಿಯುವುದು, ತಾಯಿಯನ್ನು ಹಿಡಿದಿರುವುದು. ಮೊದಲನೆಯದು ಡಾಕ್ಟರು ನರ್ಸುಗಳ ಪಾಲಿಗೆ ಹೋಯಿತು. ಎರಡನೆಯದು ಯಾರ ಪಾಲಿಗೂ ಹೋಗದೆ ಬಹುಕಾಲ ನಡುಮನೆಯಲ್ಲೇ ನಿಂತಿತ್ತು.

ಕನ್ನಡ ನಾಡಿನಲ್ಲಿ ಈ ಮಾತು ಬಂದಾಗ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯದಿರಲಾಗದು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ವಿದ್ಯೆ ಕಲಿತು, ಇಪ್ಪತ್ತರ ಹರೆಯದಲ್ಲಿ ಹೆರಿಗೆ ಮಾಡಿಸಲು ತೊಡಗಿದರು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂಬುದು ಅವರ ಖ್ಯಾತಿ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟನ್ನೂ ಪತ್ರಿಕೆಗಳು ಬರೆದವು. ಆದರೆ ಅವೇ ಬರಹಗಳಲ್ಲಿ ಒಂದು ಸಾಲಿನಲ್ಲಿ ಬಂದುಹೋದ ಸಂಗತಿಯೊಂದಿದೆ: ಅವರಿಗೇ ಹನ್ನೆರಡು ಮಕ್ಕಳು, ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ಹೋದರು. ಅಂದರೆ ಇನ್ನೊಬ್ಬರ ಮನೆಯ ಬೇನೆಗೆ ಓಡಿದ ಎಷ್ಟೋ ರಾತ್ರಿಗಳಲ್ಲಿ ಅವರ ಮನೆಯಲ್ಲೂ ತೊಟ್ಟಿಲೊಂದು ಇದ್ದಿರಲೇಬೇಕು. ಆ ತೊಟ್ಟಿಲನ್ನು ಯಾರು ತೂಗಿದರು? ಸನ್ಮಾನಪತ್ರಗಳಲ್ಲಿ ಈ ಪ್ರಶ್ನೆಗೆ ಜಾಗವಿರುವುದಿಲ್ಲ. ಕೂಡುಕುಟುಂಬದ ಅತ್ತೆಯೋ ಓರಗಿತ್ತಿಯೋ ದೊಡ್ಡ ಮಗಳೋ ಕೈ ಕೊಟ್ಟಿರದಿದ್ದರೆ ಹಳ್ಳಿಗಳಲ್ಲಿ ಯಾವ ಸೂಲಗಿತ್ತಿಯ ಕೆಲಸವೂ ನಡೆಯುತ್ತಿರಲಿಲ್ಲ.

'ಬರೀ ಪಕ್ಕದಲ್ಲಿ ಕೂರುವುದೂ ಒಂದು ಕೆಲಸವೇ?' ಎಂದು ಕೇಳುವ ತಂದೆಯರಿದ್ದಾರೆ. ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಗಳಿದ್ದರೆ ಉತ್ತರ ಅವಳ ಪುಸ್ತಕದಲ್ಲೇ ಇದೆ. ಬಲಿತ ಮಗು ಮತ್ತು ಮಾಸು ಕಳಿಸುವ ಸಂಕೇತದಿಂದ ಗರ್ಭಕೋಶ ಮೆಲ್ಲಗೆ ಹಿಂಡಿಕೊಳ್ಳತೊಡಗುತ್ತದೆ. ಅದು ತಾಯಿಯ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಬಿಡುಗಡೆ ಮಾಡಿಸುತ್ತದೆ. ಆಕ್ಸಿಟೋಸಿನ್ ಹಿಂಡಿಕೆಯನ್ನು ಬಲಗೊಳಿಸುತ್ತದೆ, ಬಲಗೊಂಡ ಹಿಂಡಿಕೆ ಇನ್ನಷ್ಟು ಆಕ್ಸಿಟೋಸಿನ್ ತರಿಸುತ್ತದೆ. ದೇಹದ ಹೆಚ್ಚಿನ ವ್ಯವಸ್ಥೆಗಳು ಏರಿದ್ದನ್ನು ಇಳಿಸುವುದಕ್ಕೆ ದುಡಿಯುತ್ತವೆ. ಇದು ಮಾತ್ರ ಏರಿದ್ದನ್ನು ಏರಿಸುತ್ತಲೇ ಹೋಗಿ ಕೂಸು ಹೊರಬಂದ ಮೇಲೆ ನಿಲ್ಲುತ್ತದೆ. ಆದರೆ ಹೆರುವವಳು ತೀರ ಹೆದರಿದಳೆನ್ನಿ. ಆಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಹಿಂಡಿಕೆಯನ್ನು ಕುಂಠಿತಗೊಳಿಸಬಲ್ಲದು. ಹೆದರಿಕೆ ಬರೀ ಮನಸ್ಸಿನ ವಿಷಯವಲ್ಲ, ರಕ್ತದಲ್ಲಿ ಹರಿಯುವ ವಸ್ತು. 17 ದೇಶಗಳಲ್ಲಿ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಮಾಡಿದ 2017ರ ಕಾಕ್ರೇನ್ ಪರಿಶೀಲನೆ, ಪಕ್ಕದಲ್ಲಿ ಬಿಡದೆ ಒಬ್ಬರಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ತಗ್ಗುತ್ತದೆ, ಬೇನೆಯ ಅವಧಿಯೂ ಕಡಿಮೆಯಾಗಬಹುದು ಎಂದಿತು. ಹದಿನೈದು ಸಾವಿರ! ನರಸಮ್ಮನವರ ಲೆಕ್ಕಕ್ಕೆ ಕೂಡಿಬಂದದ್ದು ಕಾಕತಾಳೀಯವೇ ಸರಿ.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಯಾರೂ ತಿಳಿಯಬಾರದು. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆದವು. ರಕ್ತಸ್ರಾವವಾದರೆ ಜೀವ ಉಳಿಸುವುದು ಆಸ್ಪತ್ರೆಯೇ ಹೊರತು ಬೆನ್ನು ನೀವುವ ಕೈಯಲ್ಲ. ಎರಡೂ ಒಂದೇ ಕೋಣೆಯಲ್ಲಿರಲಿ ಎಂಬುದಷ್ಟೇ ವಿಷಯ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿತು. ಆಕೆ ಬಂಧುವಾಗಿರಬೇಕು, ಆದಷ್ಟೂ ತಾನೂ ಹೆತ್ತವಳಾಗಿರಬೇಕು ಎಂಬುದು ಸೂಚನೆ. ಒಳಗೆ ಬಿಡುವುದು ಬಿಡದಿರುವುದು ಆಯಾ ಆಸ್ಪತ್ರೆಯ ಜಾಗವನ್ನೂ ಅಂದಿನ ನೂಕುನುಗ್ಗಲನ್ನೂ ನೋಡಿಕೊಂಡು ನಡೆಯುತ್ತದೆ.

ಇನ್ನು ಆಶಾ ಕಾರ್ಯಕರ್ತೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹಾಕಿದ ನಿಯಮದಂತೆ ಆಕೆ ಅದೇ ಊರಿನ ವಿವಾಹಿತೆಯೋ ವಿಧವೆಯೋ ಗಂಡನಿಂದ ಬೇರೆಯಾದವಳೋ ಆಗಿರಬೇಕು, ವಯಸ್ಸು 25ರಿಂದ 45. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವವರೆಗೆ ಜೊತೆಗಿರುವುದು ಜನನಿ ಸುರಕ್ಷಾ ಯೋಜನೆ ಅವಳಿಗೆ ವಹಿಸಿದ ಕೆಲಸಗಳಲ್ಲೊಂದು. ಈ ವಯಸ್ಸಿನ ಲೆಕ್ಕವನ್ನು ಸ್ವಲ್ಪ ನೋಡಿ. ನಮ್ಮ ಹಳ್ಳಿಗಳಲ್ಲಿ ಇಪ್ಪತ್ತೈದರಿಂದ ಮೂವತ್ತೈದರ ಹೆಂಗಸೆಂದರೆ ಕಂಕುಳಲ್ಲೊಂದು, ಕೈ ಹಿಡಿದು ನಡೆಯುವುದೊಂದು. ಈ ವಯಸ್ಸಿನವಳೇ ಬೇಕು ಎಂದು ಆರಿಸಿದವರು, ಅವಳ ಮಕ್ಕಳು ರಾತ್ರಿ ಎಲ್ಲಿರುತ್ತವೆ ಎಂದು ಕೇಳಲಿಲ್ಲ. 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಬೇಕೆಂದಿತು. ಆದರೆ ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಲ್ಲಿ ನೌಕರಳೇ ಅಲ್ಲ, ಸ್ವಯಂಸೇವಕಿ. ಅಂಗನವಾಡಿ ಹಗಲಿನದು, ಬೇನೆ ಗಡಿಯಾರ ನೋಡಿ ಬರುವುದಿಲ್ಲ.

ಬೆಂಗಳೂರಿನಲ್ಲಿ ತರಬೇತಿ ಪಡೆದು, ಹಣ ಪಡೆದು ಡೌಲಾ ಕೆಲಸ ಮಾಡುವವರಿದ್ದಾರೆ. ತಮ್ಮ ಹೆರಿಗೆಯ ಅನುಭವವೇ ಈ ದಾರಿಗೆ ತಂದಿತೆನ್ನುವವರು ಅವರಲ್ಲಿ ಕಡಿಮೆಯಿಲ್ಲ. ಆದ್ದರಿಂದ ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗಲೇ ಕೆಲಸ ಶುರು. 37ನೆಯ ವಾರದಿಂದ ಕೂಸು ಹುಟ್ಟುವವರೆಗೆ ಯಾವ ಗಳಿಗೆಯಲ್ಲೂ ಕರೆ ಬರಬಹುದು. ಊರು ಬಿಡುವಂತಿಲ್ಲ, ಫೋನು ಆರಿಸುವಂತಿಲ್ಲ. ಬುದ್ಧಿವಂತರು ಆರಂಭದಲ್ಲಿ ತಿಂಗಳಿಗೆ ಒಂದೇ ಹೆರಿಗೆ ಒಪ್ಪಿಕೊಳ್ಳುತ್ತಾರೆ. ತನಗೆ ಬರಲಾಗದಿದ್ದರೆ ಹೋಗುವ ಇನ್ನೊಬ್ಬಳನ್ನು ಮೊದಲೇ ಗೊತ್ತುಮಾಡುತ್ತಾರೆ. ಇಲ್ಲವೇ ಮಕ್ಕಳು ದೊಡ್ಡವಾಗುವವರೆಗೆ ಬಾಣಂತಿಯ ಮನೆಗೆ ಹಗಲು ಹೋಗಿಬರುವ ಕೆಲಸವನ್ನಷ್ಟೇ ಹಿಡಿಯುತ್ತಾರೆ. ಕ್ಯಾಂಪಿನ ಹೆಂಗಸಿಗೆ ಇಷ್ಟೆಲ್ಲ ಆಯ್ಕೆಗಳಿಲ್ಲ. ಅವಳಿಗಿರುವುದು ಅತ್ತೆ. ಅತ್ತೆಗೂ ಮೈ ಸರಿಯಿಲ್ಲದ ದಿನ ಗಂಡ. ಗಂಡ ಕೂಸಿಗೆ ಬಟ್ಟಲಲ್ಲಿ ಹಾಲು ಕುಡಿಸಲು ಕಲಿತಿದ್ದರೆ ಅವಳ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಗಂಡುಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು.

ಆ ರಾತ್ರಿಗೆ ಮರಳುವುದಾದರೆ, ಅಂದು ಅವಳನ್ನು ಒಳಗೆ ಬಿಟ್ಟಿದ್ದಾರೆ ಎಂದುಕೊಳ್ಳೋಣ. ಮದುವೆಯಾಗಿ ಈ ಸೀಮೆಗೆ ಬಂದು ವರ್ಷವಾಗಿರುವ ಹುಡುಗಿಗೆ ನರ್ಸಮ್ಮನ ಕನ್ನಡ ಇನ್ನೂ ಪೂರ್ತಿ ತಿಳಿಯದು. ನರ್ಸಮ್ಮ 'ಈಗ ಮುಕ್ಕಬ್ಯಾಡವ್ವಾ, ತಡಿ' ಎಂದದ್ದನ್ನು ಇವಳು ಬಂಗಾಳಿಯಲ್ಲಿ ಹೇಳುತ್ತಾಳೆ. 'ಭೊಯ್ ನೇಯಿ' ಎನ್ನುತ್ತಾಳೆ, ಭಯವಿಲ್ಲ ಎಂದು. ಆ ಮಾತು ಮಾತ್ರ ನರ್ಸಮ್ಮನಿಗೂ ಅರ್ಥವಾಗುತ್ತದೆ. ನಸುಕಿಗೆ ಕೂಸು ಹುಟ್ಟಿ, ಒಂದು ಕ್ಷಣ ಸುಮ್ಮನಿದ್ದು, ಅಳುತ್ತದೆ. ಅದೇ ಆಕ್ಸಿಟೋಸಿನ್ ಎದೆಹಾಲನ್ನೂ ಇಳಿಸುತ್ತದೆಂದು ಪುಸ್ತಕದಲ್ಲಿದೆ. ಹಾಲೂಡಿಸುವ ತಾಯಿಗೆ ಯಾವ ಕೂಸು ಅತ್ತರೂ ಹಾಗಾಗುವುದುಂಟು. ಹೆತ್ತವಳ ಕೈಯನ್ನು ಬಿಡದೆ ಆಕೆ ಇನ್ನೊಂದು ಕೈಯಲ್ಲಿ ಸೆರಗನ್ನು ಎದೆಯ ಮೇಲೆ ಎಳೆದುಕೊಳ್ಳುತ್ತಾಳೆ. ರವಿಕೆ ಒದ್ದೆಯಾಗಿದೆ. ಕ್ಯಾಂಪಿನ ಕಡೆಗೆ ಬಸ್ಸು ಹೊರಡಲು ಇನ್ನೂ ಹೊತ್ತಿದೆ. ಫೋನು ತೆಗೆದು ಮನೆಗೆ ಹಚ್ಚಿ, ತಗ್ಗಿದ ದನಿಯಲ್ಲಿ ಕೇಳುತ್ತಾಳೆ: ಕೂಸು ಎದ್ದಿತ್ತೇನು?